ಕೆಳಗಿನ ಪೈಪು ತಣ್ಣಗಿತ್ತು

ಕಿವಿ ಹೋದ ದಿನ ಸ್ಪ್ಯಾನರ್ ಕೆಳಗಿಡುತ್ತೇನೆ ಎಂದು ಅವನು ತನಗೆ ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿಗೆ ಮಾತು ಕೊಟ್ಟು ಮೂವತ್ತೊಂದು ವರ್ಷವಾಗಿತ್ತು. ಗ್ಯಾರೇಜಿನ ಹಿಂದಿನ ನಲ್ಲಿಯ ಹತ್ತಿರ ಇಬ್ಬರೂ ಮೊಣಕೈವರೆಗೆ ಸೋಪು ಹಚ್ಚಿಕೊಂಡು ಗ್ರೀಸು ತೊಳೆಯುತ್ತಿದ್ದಾಗ ಮುದುಕ ಇದ್ದಕ್ಕಿದ್ದಂತೆ ಅವನ ಒದ್ದೆ ಮಣಿಕಟ್ಟು ಹಿಡಿದು, 'ಕಿವಿ ಕೇಳದೋನು ಇಂಜಿನ್ ಬಿಚ್ಚೋದೂ ಒಂದೇ, ಕುರುಡ ಕ್ಷೌರ ಮಾಡೋದೂ ಒಂದೇ. ಕಿವಿ ಹೋದ ದಿನ ನಿಲ್ಲಿಸ್ತೀನಿ ಅಂತ ಬಾಯಿಬಿಟ್ಟು ಹೇಳು' ಎಂದಿದ್ದರು. ಅವನಿಗಾಗ ಇಪ್ಪತ್ತೇಳು. ಬೀದಿಯ ತಿರುವಿನಲ್ಲಿ ಬರುವ ಸ್ಕೂಟರು ಯಾರದೆಂದು ಗಾಡಿಯ ಕೆಳಗೆ ಮಲಗಿದ್ದಲ್ಲಿಂದಲೇ ಹೇಳುತ್ತಿದ್ದ ಕಿವಿ. ನಾಲ್ಕು ಸಿಲಿಂಡರಿನಲ್ಲಿ ಯಾವುದು ಸೋಮಾರಿ ಎಂದು ಕಣ್ಣು ಮುಚ್ಚಿ ಬೆರಳು ತೋರಿಸುತ್ತಿದ್ದವನು. ಆದ್ದರಿಂದ ಹೇಳಿದ, ಸಾಯುವ ಮಾತನ್ನು ಇಪ್ಪತ್ತೇಳರಲ್ಲಿ ಎಷ್ಟು ಸಲೀಸಾಗಿ ಹೇಳಿಬಿಡಬಹುದೋ ಅಷ್ಟೇ ಸಲೀಸಾಗಿ.

ಆದರೆ ಕಿವಿ ಹೋಗುವುದಕ್ಕೆ ದಿನ ಎಂಬುದೊಂದು ಇರುವುದಿಲ್ಲ ಎಂದು ಆಗ ಯಾರೂ ಹೇಳಿರಲಿಲ್ಲ. ಹಲ್ಲು ಒಂದು ದಿನ ಬೀಳುತ್ತದೆ, ಕಾಲು ಒಂದು ದಿನ ಮುರಿಯುತ್ತದೆ. ಕಿವಿ ಹಾಗಲ್ಲ, ಬಾಡಿಗೆ ಮನೆಯವನು ರಾತ್ರೋರಾತ್ರಿ ಒಂದೊಂದೇ ಸಾಮಾನು ಸಾಗಿಸಿದಂತೆ. ಮೊದಲು ಹೋದದ್ದು ಗಡಿಯಾರದ ಟಿಕ್ಕು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಗಸರ ಮಾತಿನ ಕೊನೆಯ ಅಕ್ಷರಗಳು. ಈ ಎರಡು ವರ್ಷದಲ್ಲಿ ಅವನು ತಲೆಯಾಡಿಸುವುದನ್ನು ಒಂದು ಕಸುಬಿನ ಹಾಗೆ ಕಲಿತಿದ್ದ. ಎದುರಿನವರ ಹುಬ್ಬು ಮೇಲೆ ಹೋದರೆ 'ಹೌದೇ', ಕೆಳಗೆ ಬಂದರೆ 'ಛೆ', ಬಾಯಿ ಮುಚ್ಚಿದರೆ 'ಆಯ್ತು ಆಯ್ತು'. ನೂರಕ್ಕೆ ತೊಂಬತ್ತು ಸಲ ನಡೆದುಹೋಗುತ್ತಿತ್ತು. ಉಳಿದ ಹತ್ತರಲ್ಲಿ ಒಂದು ಕಳೆದ ವಾರದ್ದು: ಮೊಮ್ಮಗಳು ಮಡಿಲಿಗೆ ಹತ್ತಿ ಅವನ ಕಿವಿಗೆ ಎರಡೂ ಕೈ ಗೂಡು ಮಾಡಿ ಗುಟ್ಟೊಂದನ್ನು ಹೇಳಿದ್ದಳು. ಬಿಸಿ ಉಸಿರು ಮಾತ್ರ ಬಂತು. ಅವನು ಕಣ್ಣರಳಿಸಿ ತಲೆಯಾಡಿಸಿದ. ಮಗು ಹಿಂದೆ ಸರಿದು ಮುಖ ನೋಡಿ, 'ನಾನೇನಂದೆ ಹೇಳು ತಾತ' ಎಂದಿತು. ಆ ಮಾತು ಮಾತ್ರ ಚೆನ್ನಾಗಿ ಕೇಳಿಸಿತ್ತು. ಅವನು ನಕ್ಕ. ಮಗು ನಗಲಿಲ್ಲ, ಇಳಿದು ಹೋಯಿತು.

ಆ ಸಂಜೆಯೇ ಅವನು ತನ್ನಷ್ಟಕ್ಕೆ ಒಂದು ಲೆಕ್ಕ ಹಾಕಿಕೊಂಡಿದ್ದ. ದಿನ ಗೊತ್ತಾಗದಿದ್ದರೆ ಗುರುತು ಇಟ್ಟುಕೊಳ್ಳಬೇಕು. ತನ್ನ ಕೈಯಿಂದ ಹೋದ ಗಾಡಿ ಅದೇ ಕಾಯಿಲೆಗೆ ಮೂರನೇ ಸಲ ಬಂದು, ಆಗಲೂ ತನಗೆ ಕಾರಣ ಸಿಗದಿದ್ದರೆ, ಅದೇ ಆ ದಿನ. ಯಾರಿಗೂ ಹೇಳಲಿಲ್ಲ. ಮಗಳಿಗಂತೂ ಹೇಳಲಿಲ್ಲ. ಮಗಳು ಗ್ಯಾರೇಜಿನ ಇನ್ನೊಂದು ಅಂಕಣದಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದಳು. ಐದು ವರ್ಷದವಳಿದ್ದಾಗ ಮನೆಯ ಕರೆಂಟು ಮೂರು ಸಲ ಹೋಗುವಂತೆ ಮಾಡಿದ್ದಕ್ಕೆ ಅವಳಿಗೆ ಫ್ಯೂಸು ಎಂದೇ ಹೆಸರು, ಈಗ ಗಿರಾಕಿಗಳೂ ಹಾಗೇ ಕರೆಯುತ್ತಿದ್ದರು. ಗಿರಾಕಿ ಮಾತಾಡುವಾಗ ಅವಳು ಹೇಗೋ ಬಂದು ಪಕ್ಕದಲ್ಲಿ ನಿಂತು, ಏನೋ ನೆನಪಾದವಳಂತೆ, ಅವನ ಕಡೆ ಮುಖ ಮಾಡಿ ಅದನ್ನೇ ಮತ್ತೊಮ್ಮೆ ಹೇಳುತ್ತಿದ್ದಳು: 'ಅಪ್ಪಾ, ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುತ್ತಂತೆ.' ಅದು ಅವಳ ಅಭ್ಯಾಸ ಎಂದು ಅವನು ತಿಳಿದುಕೊಂಡಿದ್ದ. ತಿಳಿದುಕೊಂಡಿದ್ದೇನೆ ಎಂದು ನಂಬಿಕೊಂಡಿದ್ದ.

ಬೆಳಿಗ್ಗೆ ಹತ್ತರ ಹೊತ್ತಿಗೆ ಬೂದು ಬಣ್ಣದ ಕಾರು ಸೇತುವೆಯ ಏರು ಹತ್ತಿ ಇಳಿದು ಗೇಟಿಗೆ ತಿರುಗಿದ್ದನ್ನು ಅವನು ಕಂಡ. ದನದ ಡಾಕ್ಟರಮ್ಮನ ಕಾರು. ಮೂರನೇ ಸಲ. ಮೊದಲ ಸಲ ಅದು ಏರಿನಲ್ಲಿ ಕಾದು ನಿಂತು, ಹಗ್ಗ ಕಟ್ಟಿಸಿಕೊಂಡು ಬಂದಿತ್ತು. ಅವನು ಥರ್ಮೋಸ್ಟಾಟ್ ಬದಲಿಸಿದ್ದ, ನೀರು ಕಾದಾಗ ರೇಡಿಯೇಟರಿಗೆ ದಾರಿ ಬಿಡುವ ಅಂಗೈಯಷ್ಟು ಬಾಗಿಲು. ಹೊಸದನ್ನು ಹಾಕುವ ಮುಂಚೆ ಹೆಂಡತಿಯ ಹಾಲಿನ ಪಾತ್ರೆಯಲ್ಲಿ ಕುದಿಸಿ, ಅದು ತೆರೆದುಕೊಳ್ಳುವುದನ್ನು ಕಣ್ಣಾರೆ ನೋಡಿ, ಬೈಸಿಕೊಂಡು, ಆಮೇಲೆ ಹಾಕಿದ್ದ. ಎರಡನೇ ಸಲ ಮಗಳು ಮಗುವಿನ ಜ್ವರಕ್ಕೆ ರಜೆ ಹಾಕಿದ್ದಳು. ಅವನೊಬ್ಬನೇ ರೇಡಿಯೇಟರ್ ಇಳಿಸಿ ತಿಳಿನೀರು ಬರುವವರೆಗೆ ತೊಳೆದಿದ್ದ. ಎರಡೂ ಸಲ ಗ್ಯಾರೇಜಿನಲ್ಲಿ ಅರ್ಧ ಗಂಟೆ ನಿಲ್ಲಿಸಿ ಓಡಿಸಿದಾಗ ಬಿಸಿ ತೋರಿಸುವ ಮೀಟರಿನ ಸೂಜಿ ಒಳ್ಳೆಯ ಮಗುವಿನಂತೆ ನಡುವೆ ಕೂತಿತ್ತು. ಎರಡೂ ಸಲ ವಾರದೊಳಗೆ ಡಾಕ್ಟರಮ್ಮ ಫೋನು ಮಾಡಿದ್ದರು. ಫೋನಿನಲ್ಲಿ ಹುಬ್ಬು ಕಾಣುವುದಿಲ್ಲ. ಅವರು ಬಹಳ ಹೊತ್ತು ಏನೋ ವಿವರಿಸಿದ್ದರು. ಅವನು 'ಆಯ್ತು ಆಯ್ತು, ತಗೊಂಡು ಬನ್ನಿ' ಎಂದಿದ್ದ.

ಕಾರು ಒಳಗೆ ಬರುತ್ತಿದ್ದಂತೆ ಅವನ ಕಣ್ಣು ಕಾರಿನ ಮೇಲಲ್ಲ, ಆಚೆ ಅಂಕಣದ ಮೇಲೆ ಬಿತ್ತು. ಒಂದು ವ್ಯಾನಿನ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ್ದ ಮಗಳ ತಲೆ ಸರಕ್ಕನೆ ಮೇಲೆದ್ದಿತ್ತು. ಬಾಯಲ್ಲಿ ವೈರಿನ ತುಂಡು ಕಚ್ಚಿಕೊಂಡಿದ್ದಳು. ಅವಳು ಕಾರಿನ ಬಾನೆಟ್ಟನ್ನು ನೋಡಿದಳು, ಆಮೇಲೆ ಅವನನ್ನು. ಆ ನೋಟ ಅವನಿಗೆ ಗೊತ್ತು. ಪರೀಕ್ಷೆಯಲ್ಲಿ ಪಕ್ಕದವನಿಗೆ ಉತ್ತರ ಬರುತ್ತಿಲ್ಲ ಎಂದು ಗೊತ್ತಾದ ಹುಡುಗಿಯ ನೋಟ. ಅಂದರೆ ಗೇಟಿನಿಂದ ಇಲ್ಲಿಯವರೆಗೆ ಕಾರು ಏನೋ ಹೇಳಿಕೊಂಡು ಬಂದಿದೆ. ಇಡೀ ಬೀದಿಗೆ ಕೇಳುವಂತೆ ಹೇಳಿದೆ. ಚಹದಂಗಡಿಯವನು ಕೂಡ ತಿರುಗಿ ನೋಡುತ್ತಿದ್ದಾನೆ. ಅವಳು ವೈರಿನ ತುಂಡು ಉಗುಳಿ ಬಾಯಿ ತೆರೆದಳು. ಅವನು ಕೈ ಎತ್ತಿದ. ಹೊಡೆಯುವ ಕೈಯಲ್ಲ, ಟ್ರಾಫಿಕ್ ಪೊಲೀಸಿನ ಕೈ. ಹೇಳಬೇಡ. ಅವಳು ಬಾಯಿ ಮುಚ್ಚಿದಳು. ಮತ್ತೆ ಮಲಗಲಿಲ್ಲ, ವ್ಯಾನಿನ ಬಾಗಿಲಿಗೆ ಒರಗಿ ನಿಂತಳು.

ಡಾಕ್ಟರಮ್ಮ ಇಳಿದರು. ಐವತ್ತು ದಾಟಿದ ಗಟ್ಟಿ ಹೆಂಗಸು, ಮೊಣಕಾಲುದ್ದದ ರಬ್ಬರ್ ಬೂಟು, ತೋಳಿನವರೆಗೆ ಡೆಟ್ಟಾಲಿನ ವಾಸನೆ. ಡಿಕ್ಕಿಯ ಕಡೆ ಹೋಗಿ ಬಗ್ಗಿ ಚೀಲ ತೆಗೆಯುತ್ತ ಬೆನ್ನು ತೋರಿಸಿಯೇ ಮಾತಾಡಿದರು. ಬೆನ್ನಿನಿಂದ ಏನೂ ಓದಲಾಗುವುದಿಲ್ಲ. ಅವನು 'ಆಯ್ತು ಆಯ್ತು' ಎಂದ. ಅವರು ತಿರುಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

'ಏನು ಆಯ್ತು ಮೇಸ್ತ್ರಿ? ನಾನು ಕೇಳಿದ್ದು ಇವತ್ತು ಆಗುತ್ತೋ ಇಲ್ವೋ ಅಂತ.'

'ಆಗುತ್ತೆ.'

'ನಾಲ್ಕು ಗಂಟೆಗೆ ಗುಡ್ಡದಾಚೆ ಹೋಗಬೇಕು. ಹಸು ಒಂದು ಸಂಜೆಗೆ ಈಯೋ ಹಾಗಿದೆ, ಕರು ಅಡ್ಡ ತಿರುಗಿದೆ. ಮೊನ್ನೆ ಹಾಗೇ ಏರಿನ ನಡುವೆ ಹೊಗೆ ಎಬ್ಬಿಸಿಕೊಂಡು ನಿಂತಿತು ನಿಮ್ಮ ರಿಪೇರಿ. ನಾನು ಚೀಲ ಹೊತ್ತು ಮೂರು ಕಿಲೋಮೀಟರ್ ನಡೆದೆ. ನಾನು ಹೋಗೋ ಹೊತ್ತಿಗೆ ಕರು ಹೋಗಿತ್ತು.' ಇದನ್ನು ಅವರು ಬೈಗುಳದ ದನಿಯಲ್ಲಿ ಹೇಳಲಿಲ್ಲ; ನಿಧಾನವಾಗಿ, ಮುಖ ನೋಡಿ ಹೇಳಿದರು, ಅದಕ್ಕೇ ಪ್ರತಿ ಅಕ್ಷರವೂ ಒಳಗೆ ಹೋಯಿತು. 'ಇವತ್ತು ಆಗದಿದ್ರೆ ಹೇಳಿಬಿಡಿ, ಬೇಜಾರಿಲ್ಲ. ಕಂಪನಿಯವರ ಹತ್ರ ಬಿಡ್ತೀನಿ, ಅವರ ಗಾಡಿ ತಗೊಂಡು ಹೋಗ್ತೀನಿ.'

'ಮೂರು ಗಂಟೆಗೆ ನಿಮ್ಮ ಗಾಡಿಯಲ್ಲೇ ಹೋಗ್ತೀರಿ,' ಎಂದ ಅವನು. ಹೇಳಿದ ಮೇಲೆ ತನ್ನ ದನಿ ಎಷ್ಟು ಜೋರಾಗಿತ್ತೋ ಎಂದು ಅನುಮಾನವಾಯಿತು.

ಕರು ಹೋಗಿತ್ತು. ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸುವಾಗ ಆ ಎರಡು ಪದಗಳು ಕೈಯನ್ನು ಭಾರ ಮಾಡಿದವು. ಫೋನಿನಲ್ಲಿ ಅವರು ಹೇಳಿದ್ದರಲ್ಲ, ಆ ಉದ್ದದ ವಿವರಣೆ, ಅದರೊಳಗೆ ಇದಕ್ಕೆ ಉತ್ತರವಿತ್ತು. ಈಗ ಮಗಳ ಮುಖ ನೋಡಿದ ಮೇಲೆ ಅದರಲ್ಲಿ ಅನುಮಾನವಿರಲಿಲ್ಲ. ಒಂದೇ ಮಾತು, 'ಇನ್ನೊಂದ್ಸಲ ಹೇಳಿ, ನಂಗೆ ಕೇಳಿಸಲಿಲ್ಲ' ಎಂದಿದ್ದರೆ ಸಾಕಿತ್ತು. ಅಷ್ಟು ಸಣ್ಣ ವಾಕ್ಯವನ್ನು ಹೇಳದೆ ಉಳಿಸಿಕೊಂಡದ್ದೇನು? ಈಗಲೂ ಹಿಂದೆ ತಿರುಗಿ, 'ಏನೇ ಫ್ಯೂಸು, ಏನು ಕೇಳಿಸ್ತು?' ಎಂದರೆ ಅರ್ಧ ನಿಮಿಷದಲ್ಲಿ ಮುಗಿದೀತು. ಆದರೆ ಹಾಗೆ ಮುಗಿದರೆ ಅದು ತಾನು ಮುಗಿಸಿದ ಹಾಗಲ್ಲ, ತಾನು ಮುಗಿದ ಹಾಗೆ. ಗಡಿಯಾರ ನೋಡಿದ. ಹನ್ನೆರಡರವರೆಗೆ ತನ್ನದು. ಹನ್ನೆರಡಕ್ಕೆ ಮಗಳನ್ನು ಕೇಳುತ್ತೇನೆ, ಅವಳೇ ಸರಿ ಮಾಡಲಿ, ಹಸುವಿಗೆ ಮೇಸ್ತ್ರಿಯ ಕಿವಿಯ ಕಥೆ ಯಾಕೆ. ಆಮೇಲೆ ಸ್ಪ್ಯಾನರ್ ಕೆಳಗೆ.

ಇಂಜಿನ್ ತಣ್ಣಗಾಗಲು ಬಿಟ್ಟು, ರೇಡಿಯೇಟರಿನ ಮುಚ್ಚಳ ತೆಗೆದು, ನೀರು ತುಂಬಿಸಿ, ಗಾಳಿ ಸಿಕ್ಕಿಕೊಳ್ಳದಂತೆ ಪೈಪನ್ನು ಹಿಂಡಿ ಹಿಂಡಿ ಗುಳ್ಳೆ ತೆಗೆದ. ಮುಚ್ಚಳದ ರಬ್ಬರನ್ನು ಉಗುರಿನಿಂದ ಸುತ್ತ ಸವರಿದ, ಬಿರುಕಿಲ್ಲ. ಆಯಿಲ್ ಕಡ್ಡಿ ಎಳೆದು ಎರಡು ಬೆರಳ ನಡುವೆ ಉಜ್ಜಿ ಮೂಸಿದ, ನೀರು ಬೆರೆತಿಲ್ಲ. ಇಂಜಿನ್ ಶುರುಮಾಡಿ ತುಂಬಿದ ನೀರಿನ ಬಾಯಿಯನ್ನೇ ನೋಡುತ್ತ ನಿಂತ. ಒಳಗಿನಿಂದ ಗುಳ್ಳೆ ಏಳಲಿಲ್ಲ, ಹೊಗೆ ನೀರಿಗೆ ಸೇರದಂತೆ ತಡೆಯುವ ಹೆಡ್ಡಿನ ಪದರ ಗಟ್ಟಿಯಾಗಿದೆ. ಇಂಜಿನ್ ನಿಲ್ಲಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ. ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿತು. ಇದೆಲ್ಲ ಎರಡು ಸಲ ಮಾಡಿದ್ದೇ. ಮತ್ತೆ ಶುರುಮಾಡಿ ಇಪ್ಪತ್ತು ನಿಮಿಷ ಓಡಲು ಬಿಟ್ಟ. ಸೂಜಿ ನಡುವಿಗೆ ಬಂದು ಕೂತಿತು. ಫ್ಯಾನು ತಿರುಗಿದ್ದು ಮುಖಕ್ಕೆ ಗಾಳಿ ಬಡಿದಾಗ ಗೊತ್ತಾಯಿತು. ಮೇಲಿನ ಪೈಪಿನ ಮೇಲೆ ಒಂದು ಕೈ, ಕೆಳಗಿನ ಪೈಪಿನ ಮೇಲೆ ಒಂದು ಕೈ ಇಟ್ಟ. ಮೇಲಿನದರಲ್ಲಿ ಕಾದ ನೀರು ರೇಡಿಯೇಟರಿಗೆ ಹೋಗುತ್ತದೆ, ಕೆಳಗಿನದರಲ್ಲಿ ಬಿಸಿ ಕಳೆದುಕೊಂಡು ಇಂಜಿನ್ನಿಗೆ ಮರಳುತ್ತದೆ. ಮೇಲೆ ಸುಡು, ಕೆಳಗೆ ಬೆಚ್ಚಗೆ. ಸರಿಯಾಗಿದೆ. ಎಲ್ಲವೂ ಸರಿಯಾಗಿರುವುದೇ ಅವಮಾನ. ಅಂಥದ್ದೇ ಅವಮಾನ ಒಮ್ಮೆ ಬ್ಯಾಂಕಿನಲ್ಲೂ ಆಗಿತ್ತು: ಕೌಂಟರಿನ ಹುಡುಗಿ ಗಾಜಿನಾಚೆಯಿಂದ ಏನೋ ಕೇಳಿ, ಅವನು ತಲೆಯಾಡಿಸಿ, ಅವಳು ಮತ್ತೆ ಕೇಳಿ, ಅವನು ಮತ್ತೆ ತಲೆಯಾಡಿಸಿ, ಹಿಂದಿನ ಸಾಲಿನವನು ಅವನ ಹೆಗಲು ತಟ್ಟಿ, 'ನಿಮ್ಮ ಹೆಸರು ಕೇಳ್ತಿದ್ದಾರೆ ಯಜಮಾನರೇ' ಎಂದಿದ್ದ. ಹೆಸರು ಕೇಳಿದ್ದಕ್ಕೆ ಹೌದು ಎಂದಿದ್ದ ತಾನು.

ನಿಂತ ಗಾಡಿ ನಿಜ ಹೇಳುವುದಿಲ್ಲ. ಮನೆಗೆ ಬಂದ ನೆಂಟರ ಎದುರು ಮಕ್ಕಳು ನಡೆದುಕೊಂಡಂತೆ ನಡೆದುಕೊಳ್ಳುತ್ತದೆ. ಇದು ಬಿಸಿಯಾಗುವುದು ಏರಿನಲ್ಲಿ, ಭಾರದಲ್ಲಿ. ಹಾಗಾದರೆ ಇಲ್ಲೇ ಏರು ಕಟ್ಟಬೇಕು. ಅವನು ಒಳಗೆ ಕೂತು ಎ.ಸಿ. ಹಾಕಿದ, ಹೆಡ್‌ಲೈಟು ಹಾಕಿದ, ಹಿಂದಿನ ಗಾಜಿನ ಹೀಟರು, ವೈಪರು, ಏನೇನು ಎಳೆಯುತ್ತದೋ ಎಲ್ಲವನ್ನೂ ಹಾಕಿದ. ಡಾಕ್ಟರಮ್ಮನನ್ನು ಕರೆದು ಸ್ಟೀರಿಂಗಿನಲ್ಲಿ ಕೂರಿಸಿದ. 'ಗುಡ್ಡ ಹತ್ತೋ ಹಾಗೆ ಕಾಲು ಒತ್ತಿ. ನಾನು ಕೈ ಎತ್ತೋವರೆಗೂ ಬಿಡಬೇಡಿ.' ಮತ್ತೆ ಎರಡು ಕೈ, ಎರಡು ಪೈಪು. ಇಂಜಿನ್ನಿನ ನಡುಕ ಮೊಣಕೈಗೆ ಬಂತು, ಭುಜಕ್ಕೆ ಬಂತು. ಕಣ್ಣಂಚಿನಲ್ಲಿ ಚಹದಂಗಡಿಯವನು ಕಿವಿ ಮುಚ್ಚಿಕೊಂಡದ್ದು ಕಂಡಿತು. ಮುಚ್ಚಿಕೊಳ್ಳಲಿ. ಒಂದು ನಿಮಿಷ. ಎರಡು. ಮೂರನೆಯದರಲ್ಲಿ ಎಡಗೈ, ಕೆಳಗಿನ ಪೈಪು ತಣ್ಣಗಾಗುತ್ತಿದೆ ಎಂದಿತು. ನಂಬಲಿಲ್ಲ. ಅಂಗಿಗೆ ಒರೆಸಿಕೊಂಡು ಮತ್ತೆ ಹಿಡಿದ. ತಣ್ಣಗೇ ಇತ್ತು. ಮೇಲಿನದು ಮುಟ್ಟಲಾಗದಷ್ಟು ಸುಡುತ್ತಿತ್ತು, ಕೆಳಗಿನದು ಜ್ವರ ಬಿಟ್ಟ ಹಣೆಯಂತೆ ತಣ್ಣಗಿತ್ತು. ಕೈ ಎತ್ತಿದ.

'ಸೂಜಿ ಮೇಲೆ ಹೋಯ್ತು ಮೇಸ್ತ್ರಿ, ಕೆಂಪಿನ ಹತ್ರ,' ಎಂದು ಡಾಕ್ಟರಮ್ಮ ತಲೆ ಹೊರಗೆ ಹಾಕಿ ಕೂಗಿದರು.

ನೀರು ನಿಂತಿದೆ. ಇಂಜಿನ್ ಜೋರಾದಷ್ಟೂ ನೀರು ಜೋರಾಗಿ ಹರಿಯಬೇಕು, ಇದರಲ್ಲಿ ನಿಲ್ಲುತ್ತಿದೆ. ಥರ್ಮೋಸ್ಟಾಟ್ ಅಲ್ಲ, ಅದನ್ನು ಕಣ್ಣಾರೆ ಕುದಿಸಿದ್ದೇನೆ. ರೇಡಿಯೇಟರ್ ಅಲ್ಲ, ಕೈಯಾರೆ ತೊಳೆದಿದ್ದೇನೆ. ಪೈಪು ಒಳಗೆ ಎಳೆದುಕೊಂಡು ಚಪ್ಪಟೆಯಾಗಿಲ್ಲ, ಈಗಷ್ಟೇ ಹಿಡಿದಿದ್ದೆ. ಉಳಿದದ್ದು ನೀರನ್ನು ತಳ್ಳುವವನು, ಪಂಪು. ಅದು ತನ್ನನ್ನು ತಿರುಗಿಸುವ ಬೆಲ್ಟಿನ ಹಿಂದೆ, ಕವರಿನ ಮರೆಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿತ್ತು. ಪಂಪು ಎಂದು ಬರಿದೇ ಹೇಳಿ ಬದಲಿಸಿಬಿಡಬಹುದು, ಆದರೆ ಹಿಂದಿನ ಎರಡು ಸಲವೂ ಹಾಗೆ ಊಹಿಸಿಯೇ ಕೈ ಹಾಕಿದ್ದು. ಈ ಸಲ ಗೊತ್ತಾಗಬೇಕು. ಉದ್ದದ ಸ್ಕ್ರೂಡ್ರೈವರ್ ತಂದು ತುದಿಯನ್ನು ಪಂಪಿನ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಮೂವತ್ತು ವರ್ಷದ ಅಭ್ಯಾಸ. ಗೋಡೆಗೆ ಕಿವಿಯಿಟ್ಟ ಹಾಗಿತ್ತು, ಆಚೆ ಯಾರೂ ಇಲ್ಲದ ಮನೆಯ ಗೋಡೆ. ಆದರೂ ಹಾಗೇ ನಿಂತ, ತಲೆ ವಾಲಿಸಿ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ. ಯಾರಿಗೆ ತೋರಿಸಲು? ಡಾಕ್ಟರಮ್ಮನಿಗೋ, ಚಹದಂಗಡಿಯವನಿಗೋ? ಮಗಳು ನೋಡುತ್ತಿದ್ದಾಳೆ. ಅವಳಿಗೆ ಎಲ್ಲ ಗೊತ್ತು. ಗೊತ್ತಿರುವವಳ ಎದುರು ನಟಿಸುತ್ತಿದ್ದೇನೆ, ಅವಳು ಗೊತ್ತಿಲ್ಲದವಳಂತೆ ನಟಿಸುತ್ತಿದ್ದಾಳೆ, ಎರಡು ವರ್ಷದಿಂದ ಅಪ್ಪ ಮಗಳು ನಾಟಕ ಆಡಿಕೊಂಡು ಬಂದಿದ್ದೇವೆ, ಪ್ರೇಕ್ಷಕರೇ ಇಲ್ಲ. 'ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುತ್ತಂತೆ.' ಎಷ್ಟು ಸಾವಿರ ಸಲ ಹೇಳಿರಬಹುದು ಹಾಗೆ. ಕಿವಿಯಿಂದ ಹಿಡಿ ತೆಗೆದ. ನಾಚಿಕೆಯಿಂದ ಮುಖ ಬಿಸಿಯಾಗಿತ್ತು. ಏನು ಮಾಡುತ್ತಿದ್ದೇನೆಂದು ಯೋಚಿಸದೆ, ಸಿಟ್ಟಿನಲ್ಲಿ ಮಕ್ಕಳು ಕೈಗೆ ಸಿಕ್ಕಿದ್ದನ್ನು ಕಚ್ಚುತ್ತವಲ್ಲ ಹಾಗೆ, ಹಿಡಿಯನ್ನು ಹಲ್ಲಿನಿಂದ ಕಚ್ಚಿದ.

ದವಡೆಯೊಳಗೆ ಮರಳು ಬಿದ್ದಂತಾಯಿತು. ಗರ ಗರ ಗರ. ಸದ್ದಲ್ಲ, ಸದ್ದಿನ ಮೈ. ನಡುನಡುವೆ ಒಂದು ಬಡಿತ, ಸುತ್ತಿಗೊಮ್ಮೆ, ತಪ್ಪದೆ, ಕುಂಟನ ಹೆಜ್ಜೆಯಂತೆ. ಡಾಕ್ಟರಮ್ಮನಿಗೆ ಕೈಯಿಂದ ಸನ್ನೆ ಮಾಡಿದ, ಒತ್ತಿ. ಮರಳು ದಪ್ಪವಾಯಿತು, ಜಲ್ಲಿಯಾಯಿತು, ಕುಂಟು ಹೆಚ್ಚಿತು, ಆಮೇಲೆ ಒಮ್ಮೆಗೇ ಹಲ್ಲುಗಳ ಬೇರಿನವರೆಗೆ ಒಂದು ನಯವಾದ ಜಾರಿಕೆ ಬಂತು, ತಿರುಗಬೇಕಾದದ್ದು ತಿರುಗದೆ ಅದರ ಮೇಲೆ ಬೆಲ್ಟು ಉಜ್ಜಿ ಓಡುತ್ತಿರುವ ಜಾರಿಕೆ. ಪಂಪಿನ ಬೇರಿಂಗ್ ಸವೆದಿದೆ. ಭಾರ ಬಿದ್ದಾಗ ಅದರ ಅಕ್ಷ ಓರೆಯಾಗುತ್ತದೆ, ಬೆಲ್ಟು ಜಾರುತ್ತದೆ, ನೀರು ನಿಲ್ಲುತ್ತದೆ. ಭಾರ ಇಳಿದರೆ ಎಲ್ಲ ನೆಟ್ಟಗೆ. ಬೆಲ್ಟು ಜಾರಿದರೆ ಕಿರುಚಿಕೊಳ್ಳುತ್ತದೆ, ಸತ್ತವನೂ ಎದ್ದು ಕೂರುವ ಹಾಗೆ. ಅದೇ. ಬೀದಿಗೆಲ್ಲ ಕೇಳಿಸಿದ್ದು ಅದೇ. ಡಾಕ್ಟರಮ್ಮ ಎರಡು ಸಲ ಫೋನಿನಲ್ಲಿ ಹೇಳಿದ್ದೂ ಅದೇ.

ಹಲ್ಲಿನಲ್ಲಿ ಹಿಡಿ ಕಚ್ಚಿಕೊಂಡು ಹಾಗೇ ನಿಂತಿದ್ದವನಿಗೆ ದೊಡ್ಡ ಮೇಸ್ತ್ರಿ ಕಾಣಿಸಿದರು. ಹೀಗೇ ಬಗ್ಗಿ, ಹೀಗೇ ಸ್ಕ್ರೂಡ್ರೈವರ್ ಬಾಯಲ್ಲಿಟ್ಟುಕೊಂಡು, ಜೊಲ್ಲು ಗಡ್ಡಕ್ಕೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ. 'ಮೇಸ್ತ್ರಿ ಇಂಜಿನ್ ರುಚಿ ನೋಡ್ತಿದ್ದಾರೆ, ಉಪ್ಪು ಕಡಿಮೆಯಾಗಿದೆಯಂತೆ' ಎಂದು ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು. ಜೋರಾಗಿಯೇ ನಗುತ್ತಿದ್ದೆವು. ಅವರು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಅವರು ತಿರುಗದಿದ್ದದ್ದು ಕೇಳಿಸದೆ. ನಲ್ಲಿಯ ಹತ್ತಿರ ಮಣಿಕಟ್ಟು ಹಿಡಿದ ಆ ದಿನ ಕೂಡ, ಅವನು ಮಾತು ಕೊಟ್ಟ ಮೇಲೆ ಅವರು 'ಏನಂದೆ?' ಎಂದು ಕೇಳಿ, ಅವನಿಂದ ಎರಡನೇ ಸಲ ಹೇಳಿಸಿಕೊಂಡಿದ್ದರು. ಮಾತಿಗೆ ತೂಕ ಬರಲೆಂದು ಎಂದುಕೊಂಡಿದ್ದ. ಅದಾದ ಮೇಲೂ ಮುದುಕ ಆರು ವರ್ಷ ಇಂಜಿನ್ ಬಿಚ್ಚಿದರು. ಒಂದೂ ವಾಪಸು ಬರಲಿಲ್ಲ. ತನ್ನಿಂದ ಆಗದ್ದನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಸಿ ಹಗುರಾದ ಕಳ್ಳ. ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಸಿಟ್ಟು ಬಂದ ದಾರಿಯಲ್ಲೇ ಬೇರೆ ಏನೋ ಬಂತು. ಎದೆಯ ಗೂಡು ಅಗಲವಾದಂತೆ, ಅಂಗಿಯ ಗುಂಡಿ ಬಿಗಿಯಾದಂತೆ. ಕಿವಿ ಇದ್ದಾಗ ತಾನು ಹುಡುಕಿದ್ದು ಯಾರು ಬೇಕಾದರೂ ಹುಡುಕಬಹುದಾದದ್ದು. ಇದನ್ನು ಎರಡು ಅಂಗೈ ಮತ್ತು ಉಳಿದ ಇಪ್ಪತ್ತಾರು ಹಲ್ಲಿನಿಂದ ಹುಡುಕಿದ್ದೇನೆ. ಗಡಿಯಾರದಲ್ಲಿ ಹನ್ನೊಂದು ನಲವತ್ತು.

ಇಂಜಿನ್ ನಿಲ್ಲಿಸಿ, ಕವರು ಬಿಚ್ಚಿ, ಕಾಣದ ಜಾಗಕ್ಕೆ ಬೆರಳು ತೂರಿಸಿದ. ಪಂಪಿನ ಹೊಟ್ಟೆಯ ಕೆಳಗಿನ ಸಣ್ಣ ತೂತಿನ ಸುತ್ತ ಸೋರಿ ಒಣಗಿದ ನೀರಿನ ಕಲೆ ಉಪ್ಪಿನಂತೆ ಪುಡಿಪುಡಿಯಾಗಿ ಬಂತು. ಬೆರಳನ್ನು ಡಾಕ್ಟರಮ್ಮನ ಮುಂದೆ ಹಿಡಿದ.

'ಪಂಪು. ಒಳಗೆ ಬೇರಿಂಗ್ ಹೋಗಿದೆ. ಎರಡು ಗಂಟೆ ಕೆಲಸ.' ಆಮೇಲೆ, ನಿಂತ ಜಾಗದಿಂದ ಅಲುಗದೆ ಹೇಳಿದ: 'ನೀವು ಎರಡು ಸಲ ಫೋನಲ್ಲಿ ಹೇಳಿದ್ರಲ್ಲ, ಬೆಲ್ಟು ಕಿರುಚುತ್ತೆ ಅಂತ. ನಂಗೆ ಕೇಳಿಸಿರಲಿಲ್ಲ. ಕೇಳಿಸಿದೋನ ಹಾಗೆ ಆಯ್ತು ಅಂದೆ. ಮೊನ್ನೆಯ ಆ ಕರು ನನ್ನ ತಲೆ ಮೇಲೆ. ನನ್ನ ಕಿವಿ ಹೋಗಿದೆ ಡಾಕ್ಟರಮ್ಮ.'

ಡಾಕ್ಟರಮ್ಮ ಅವನನ್ನೇ ನೋಡಿದರು. 'ಕಿರುಚುತ್ತೆ ಅಂದಿದ್ದು ನಿಜ. ನೀವು ಆಯ್ತು ಅಂದಿದ್ದೂ ನಿಜ. ಅವತ್ತು ಸಂಶಯ ಬಂದು, ನಿಮ್ಮ ಗ್ಯಾರೇಜಿಗೆ ಕೊಂಬು ಬಂದಿದೆಯಂತೆ ಹೌದಾ ಅಂತ ಕೇಳಿದೆ. ಅದಕ್ಕೂ ಆಯ್ತು ಆಯ್ತು, ತಗೊಂಡು ಬನ್ನಿ ಅಂದ್ರಿ.'

ವ್ಯಾನಿನ ಹತ್ತಿರ ಮಗಳು ಮುಖ ಆಚೆ ತಿರುಗಿಸಿದಳು, ಹೆಗಲು ಕುಲುಕುತ್ತಿತ್ತು.

'ಆದ್ರೂ ಯಾಕೆ ಇಲ್ಲಿಗೇ ಬಂದ್ರಿ?'

'ನನ್ನ ಪೇಶೆಂಟುಗಳು ಎಲ್ಲಿ ನೋವು ಅಂತ ಯಾವತ್ತಾದ್ರೂ ಹೇಳಿವೆಯಾ? ಭುಜದವರೆಗೆ ಕೈ ಹಾಕಿ ನೋಡ್ತೀನಿ. ಕೈ ಹಾಕೋರು ಕಮ್ಮಿ ಆಗಿಬಿಟ್ಟಿದ್ದಾರೆ.' ಅವರು ಬೂಟಿನ ಕೆಸರನ್ನು ಮೆಟ್ಟಿಲಿಗೆ ಒರೆಸಿದರು. 'ಕರು ನಿಮ್ಮ ತಲೆ ಮೇಲೆ ಅಂದ್ರಲ್ಲ, ಇಲ್ಲ ಅನ್ನಲ್ಲ ನಾನು. ಇವತ್ತಿನದು ಉಳಿಯಲಿ. ನಾನು ಊಟ ಮಾಡಿ ಬರ್ತೀನಿ.' ಕೊನೆಯ ಮಾತನ್ನು ನಿಧಾನವಾಗಿ, ಅವನಿಗೆ ಕಾಣುವಂತೆ ಹೇಳಿದರು.

ಮಗಳು ಹೊಸ ಪಂಪು ತರಲು ಸ್ಕೂಟರಿನ ಕೀಲಿ ತೆಗೆದುಕೊಳ್ಳುತ್ತ ಹತ್ತಿರ ಬಂದಳು. ಅವನು ಅವಳ ಮುಖವನ್ನು ಎರಡು ವರ್ಷದಲ್ಲಿ ಮೊದಲ ಸಲ ಓದಲೆಂದಲ್ಲ, ನೋಡಲೆಂದೇ ನೋಡಿದ.

'ಎಲ್ಲಿಂದ ಕೇಳಿಸ್ತು ನಿಂಗೆ?'

'ಸೇತುವೆ ಮೇಲಿದ್ದಾಗಲೇ.'

'ಎರಡು ಗಂಟೆ ಹೊತ್ತು ಹೇಗೆ ಬಾಯಿ ಮುಚ್ಚಿಕೊಂಡಿದ್ದೆ? ನಿಮ್ಮಮ್ಮನ ಹೊಟ್ಟೆಯಲ್ಲಿ ಹುಟ್ಟಿದೋಳು.'

'ನಾಲಿಗೆ ಕಚ್ಚಿಕೊಂಡು,' ಎಂದಳು. 'ನೀನು ಸ್ಕ್ರೂಡ್ರೈವರ್, ನಾನು ನಾಲಿಗೆ.' ಆಮೇಲೆ ನಗುವನ್ನು ಬದಿಗಿಟ್ಟು, 'ನಾನು ಹೇಳಿದ್ರೆ ಬೆಲ್ಟು ಅಂತಿದ್ದೆ ಅಪ್ಪ. ಬೆಲ್ಟು ಬದಲಿಸಿ ಕಳಿಸ್ತಿದ್ವಿ. ಪಂಪು ಅಂತ ನಂಗೂ ಗೊತ್ತಿರಲಿಲ್ಲ' ಎಂದಳು.

ಹಾಗೆ ಹೇಳಿದರೆ ಅಪ್ಪನಿಗೆ ಸಂತೋಷವಾಗುತ್ತದೆ ಎಂದು ಹೇಳಿದಳೋ, ನಿಜವಾಗಿಯೇ ಹೇಳಿದಳೋ ಎಂದು ತೂಗಿ ನೋಡಿದ. ಎರಡರಲ್ಲಿ ಯಾವುದಾದರೂ ಅವನಿಗೆ ಹೆಮ್ಮೆಯೇ ಆಯಿತು.

'ನಾಳೆಯಿಂದ ನಟನೆ ಬೇಡ,' ಎಂದ. 'ಗಾಡಿ ಬಂದ ತಕ್ಷಣ ಏನು ಕೇಳಿಸ್ತೋ ಎಲ್ಲಾರ ಎದುರೂ ಹೇಳು. ಕೇಳೋದು ನಿಂದು, ಮುಟ್ಟೋದು ನಂದು. ನೀನು ಸರಿ ಅನ್ನದ ಗಾಡಿ ಗೇಟು ದಾಟೋದು ಬೇಡ.'

'ಮತ್ತೆ ತಪ್ಪು ಹೇಳಿದ್ರೆ?'

'ಮುಟ್ಟಿದಾಗ ಗೊತ್ತಾಗುತ್ತೆ. ಹೋಗು, ಪಂಪು ತಗೊಂಡು ಬಾ, ಕಂಪನಿಯದ್ದೇ ಕೇಳು.'

ಎರಡೂವರೆಗೆ ಕಾರು ಸಿದ್ಧವಾಯಿತು. ಸೇತುವೆಯ ಏರನ್ನು ಎರಡನೇ ಗೇರಿನಲ್ಲಿ, ಎ.ಸಿ. ಹಾಕಿಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದು ಸಲ ಹತ್ತಿ ಇಳಿದ. ಐದು ಸಲವೂ ಅವಳು ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಆಲಿಸಿ, ಬೆರಳು ಎತ್ತಿ ಸರಿ ಎಂದಳು. ಸೂಜಿ ನಡುವೆ ನಿಂತಿತ್ತು. ಇಳಿದು ಬಗ್ಗಿ ಕೆಳಗಿನ ಪೈಪು ಹಿಡಿದು ನೋಡಿದ. ಬೆಚ್ಚಗಿತ್ತು. ಮೂರಕ್ಕೆ ಡಾಕ್ಟರಮ್ಮ ಗುಡ್ಡದ ಕಡೆ ಹೋದರು. ಐದೂವರೆಗೆ ಮಗಳ ಫೋನಿಗೆ ಸಂದೇಶ ಬಂತು, ಹಸುವೂ ಕರುವೂ ಕ್ಷೇಮ, ಹೆಣ್ಣು ಕರು. ಮಗಳು ಅದನ್ನು ಓದಿ ಹೇಳಲಿಲ್ಲ, ಫೋನನ್ನೇ ಅವನ ಕೈಗೆ ಕೊಟ್ಟಳು. ಅವನು ಎರಡು ಸಲ ಓದಿದ.

ಮರುದಿನ ಎಂಟಕ್ಕೆ ಗ್ಯಾರೇಜಿನ ಬಾಗಿಲು ತೆಗೆದು ಕೆಲಸಕ್ಕೆ ನಿಂತ. ದೊಡ್ಡ ಮೇಸ್ತ್ರಿಗೆ ಕೊಟ್ಟಿದ್ದ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.